ಗಂಟೆ ನುಂಗಿದ ಅಕ್ಷರ

ಕಿವಿಗೆ ಇಟ್ಟ ಹೆಡ್‌ಫೋನಿನ ಸ್ಪಂಜು ಬೆಚ್ಚಗಿದೆ, ಒಳಗೆ ಬರೀ ಉಸಿರು, ಆಮ್ಲಜನಕದ ಮುಖವಾಡದೊಳಗೆ ಎಳೆದು ಬಿಡುವ ಉಸಿರು, ನನ್ನ ಗಂಡ ಅರುಣನದು, ಅದು ನಿಂತು ಏಳು ತಿಂಗಳು — ಅವನು ಸಹಪೈಲಟ್ ಆಗಿದ್ದ ಸರಕು ವಿಮಾನದ ಹಿಂಭಾಗದಲ್ಲಿ ಬ್ಯಾಟರಿ ಪೆಟ್ಟಿಗೆಗಳು ಹೊತ್ತಿಕೊಂಡು — ಇಲ್ಲಿ ಇನ್ನೂ ಉಸಿರಾಡುತ್ತಿದ್ದಾನೆ, ಕೊಟ್ಟೂರಿನ ನಮ್ಮ ಪಡಸಾಲೆಯಲ್ಲಿ, ತನಿಖಾಧಿಕಾರಿಯ ಲ್ಯಾಪ್‌ಟಾಪಿನಲ್ಲಿ, ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿ. ಇದೊಂದು ಮಾತು ಮಾತ್ರ ಕನ್ನಡದಲ್ಲಿದೆ ಮೇಡಂ, ಏನು ಹೇಳಿದರೆಂದು ಬರೆದುಕೊಡಿ. ಅದೇ ವಿಮಾನದಲ್ಲಿ ಸರಕು ನೋಡಿಕೊಳ್ಳುತ್ತಿದ್ದ ಹರಪನಹಳ್ಳಿಯ ಪ್ರವೀಣಕುಮಾರನಿಗೆ ಹೇಳಿದ್ದು, ಬಾಗ್ಲಾ ತೆಗಿ ಬ್ಯಾ — ಆಮೇಲೆ ಬೆಂಕಿಯ ಎಚ್ಚರಿಕೆಯ ಗಂಟೆ, ಎಲ್ಲವನ್ನೂ ನುಂಗುವ ಗಂಟೆ. ಬ್ಯಾಡ ಎಂದನೇ, ಬ್ಯಾಗ ಎಂದನೇ, ತೆರೆಯಬೇಡ ಎಂದೇ, ಬೇಗ ತೆರೆ ಎಂದೇ. ವಿಮಾನದೊಳಗೆ ಸರಕಿನ ಕಡೆಗಿನ ಬಾಗಿಲು ತೆರೆದಿತ್ತಂತೆ, ಅವಶೇಷ ಹೇಳುತ್ತದಂತೆ. ತೆರೆಯಬಾರದಿತ್ತು, ಗಾಳಿ ನಿಲ್ಲಿಸಿ, ಒತ್ತಡ ಇಳಿಸಿ, ಎತ್ತರದಲ್ಲೇ ಇದ್ದು ಬೆಂಕಿಯ ಉಸಿರು ಕಟ್ಟಿಸಬೇಕು, ಅವನೇ ಹೇಳಿಕೊಟ್ಟದ್ದು, ಮಿರ್ಚಿ ಕರಿಯುವ ಎಣ್ಣೆ ಹೊತ್ತಿಕೊಂಡ ದಿನ, ಬಾಣಲೆಯ ಮೇಲೆ ಮುಚ್ಚಳ ಒತ್ತಿ ಹಿಡಿದು, ನಾನು ನೋಡಲೆಂದು ಕೈಹಾಕಿದೆ, ಲೇ ಅರ್ಚನಾ, ತೆಗಿಬ್ಯಾಡ, ಗಾಳಿ ಕುಡದ್ರ ನಿನ್ನ ಹುಬ್ಬು ಹೋಗ್ತಾವ, ನಕ್ಕೆವು — ಹಾಗಾದರೆ ಬ್ಯಾಡ. ಆದರೆ ಮೈಲಾರದ ಜಾತ್ರೆಯಿಂದ ಬರಿಗಾಲಲ್ಲಿ ಮರಳಿದ ಮಧ್ಯಾಹ್ನ, ಅಂಗಾಲು ಸುಡುತ್ತಿರುವಾಗ ಕದ ಬಡಿದು, ಅವ್ವಾ, ಬಾಗ್ಲಾ ತೆಗಿ ಬ್ಯಾಗ, ಬ್ಯಾಗ, ಅದೂ ಅವನೇ.

ಅತ್ತೆ ಪಂಪಮ್ಮ ಒಂದೇ ಸಲ ಕೇಳಿದರು, ಬ್ಯಾಡ ಅಂದಾನ, ಬರಿ, ಇದ್ರಾಗ ಯೋಚ್ನಿ ಏನೈತಿ, ಎಂ.ಎ. ಓದಿ ಕಿವಿ ಕಳ್ಕೊಂಡಿಯೇನು. ಬೆಳಿಗ್ಗೆ ಹರಪನಹಳ್ಳಿಯಲ್ಲಿ ಪ್ರವೀಣನ ತಾಯಿ ಶಾಂತಕುಮಾರಿಯೂ ಕೇಳಿದ್ದಾಳೆ, ಫೋನ್ ಮಾಡಿದಳು, ತೆಗಿ ಬ್ಯಾಗ ಅಂದಾನವ್ವ ನಿನ್ನ ಗಂಡ, ನನ್ನ ಮಗ ಹೇಳಿದಂಗ ಕೇಳೋನು, ತಾನಾಗೇ ತೆಗಿಯೋನಲ್ಲ, ಸತ್ತವನ ಮ್ಯಾಲೆ ತಪ್ಪು ಹೊರಸಬ್ಯಾಡ — ಆಕೆಯ ಬ್ಯಾಡ ಎಷ್ಟು ಸ್ಪಷ್ಟ, ಅಳುತ್ತಲೇ ಎಷ್ಟು ಸ್ಪಷ್ಟ. ಡ ಬರೆದರೆ ತಪ್ಪು ಆಕೆಯ ಮಗನದು, ಗ ಬರೆದರೆ ಇವರ ಮಗನದು, ಅರುಣನದು, ಬ್ಯಾಡ ಎನ್ನುವ ಅರುಣ, ಬ್ಯಾಗ ಎನ್ನುವ ಅರುಣ, ನಾನು ಇಬ್ಬರನ್ನೂ ಬಲ್ಲೆ, ಬಲ್ಲೆನೇ, ಮತ್ತೆ ಹಾಕಿ ಸರ್, ಹನ್ನೊಂದನೆಯ ಸಲ. ತರಗತಿಯಲ್ಲಿ ಕಲಿತದ್ದು, ಡ ಎನ್ನಲು ನಾಲಿಗೆಯ ತುದಿ ಮೇಲಕ್ಕೆ ಮಡಚಬೇಕು, ಗ ಎನ್ನಲು ಬುಡ ಏಳಬೇಕು, ಪೆನ್ನು ಕೈಯಲ್ಲಿದೆ, ಬಾಗ್ಲಾ ಬರೆದೆ, ತೆಗಿ ಬರೆದೆ, ಬ್ಯಾ ಬರೆದೆ, ಅತ್ತೆ ಕಾಗದದ ಮೇಲೆ ಬಗ್ಗಿದ್ದಾರೆ, ಮುಂದ ಬರಿ, ಬರಿಯವ್ವ, ಅಷ್ಟೇನಾ ಮೇಡಂ, ಅಷ್ಟೇ ಸರ್, ಕೇಳಿಸಿದ್ದು ಅಷ್ಟೇ — ಮುಖವಾಡದೊಳಗೆ ತೆರೆದ ಬಾಯಿ, ಅವನ ಬಾಯಿ, ತೆರೆದೇ ಇದೆ, ನಾಲಿಗೆ ಇನ್ನೂ ಎಲ್ಲಿಗೂ ತಾಗಿಲ್ಲ