ನಮ್ಮ ಹೆಣ್ಣಿಗೆ ಅರ್ಜಿ ಎಂತಕ್ಕೆ?

ನನಗೆ ಬಾಯಿ ಜಾಸ್ತಿ. ಹೆಮ್ಮಾಡಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಬಲೆ ಅಂಗಡಿ ಭೋಜರಾಜ ಅಂದರೆ ಮಾತಿನಲ್ಲೇ ಮನೆ ಕಟ್ಟುವವ ಅಂತ ನಗುತ್ತಾರೆ. ನಗಲಿ ಮಾರಾಯ್ರೆ. ಆದರೆ ತೆರೆಯಲೇಬೇಕಾದ ಹೊತ್ತಿಗೆ ಈ ಬಾಯಿ ತೆರೆಯಲಿಲ್ಲ.

ಚಂದನಾ ನನ್ನ ಅಕ್ಕನ ಮಗಳು. ಅಕ್ಕನನ್ನು ಬ್ರಹ್ಮಾವರಕ್ಕೆ ಕೊಟ್ಟಿತ್ತು. ಭಾವ ಬೇಗ ಹೋಗಿಬಿಟ್ಟರು, ಅಕ್ಕ ಕೂಸನ್ನು ಎತ್ತಿಕೊಂಡು ನಮ್ಮಲ್ಲಿಗೆ ಬಂದಳು. ನಮ್ಮ ಪೈಕಿಯಲ್ಲಿ ಸೋದರಮಾವ ಅಂದರೆ ಅಪ್ಪನಿಗಿಂತ ಒಂದು ಕೈ ಮೇಲೆ. ಚಂದನಾಗೆ ಏಳು ವರ್ಷ ಇರುವಾಗ ಸಿನಿಮಾದವರು ಮರವಂತೆಗೆ ಬಂದು ಒಂದು ಹೆಣ್ಣುಮಗು ಬೇಕು ಅಂತ ಹುಡುಕುತ್ತಿದ್ದರು. ನಾನೇ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋದೆ. "ಅಳು ಪುಟ್ಟಿ" ಅಂದರು, ಅತ್ತಳು. "ಸಾಕು" ಅಂದರು, ನಿಲ್ಲಿಸಿದಳು. ಅವರಿಗೆ ಅಷ್ಟೇ ಸಾಕಾಯಿತು.

ಏಳು ವರ್ಷದಲ್ಲಿ ಹದಿಮೂರು ಸಿನಿಮಾ! ಬೆಂಗಳೂರು, ಮದ್ರಾಸು ಅಂತ ಅವಳ ಕೈ ಹಿಡಿದುಕೊಂಡು ನಾನೂ ತಿರುಗಿದೆ. ಕುಂದಾಪುರದ ಟಾಕೀಸಿನಿಂದ ಹೆಂಗಸರು ಮೂಗು ಒರೆಸಿಕೊಂಡು ಹೊರಗೆ ಬರುವಾಗ ಬಾಗಿಲಲ್ಲೇ ನಿಂತು, "ನಮ್ಮ ಹೆಣ್ಣ್, ಗೊತ್ತಾಯ್ತಾ?" ಅನ್ನುತ್ತಿದ್ದೆ. ಅವಳಿಗೆ ನಿದ್ದೆ ಆಗಿದೆಯೋ ಇಲ್ಲವೋ ಅಂತ ಒಂದು ದಿನ ಕೇಳಿದವನಲ್ಲ.

ಹದಿನಾಲ್ಕಕ್ಕೆ ಅವಳು ಹಟ ಹಿಡಿದು ಕೂತುಬಿಟ್ಟಳು. ನಾನು ಒಬ್ಬ ನಿರ್ಮಾಪಕರಿಗೆ ಮಾತು ಕೊಟ್ಟು ಬಂದಿದ್ದೆ. "ಮಾವ, ನಾ ಬತ್ತಿಲ್ಲೆ. ನಂಗೆ ಅತ್ತ್ ಅತ್ತ್ ಸಾಕಾಯ್ತ್. ನಾ ಶಾಲಿಗ್ ಹೋತೆ" ಅಂದಳು. ನಾಲ್ಕು ಜನರ ಎದುರು ನನ್ನ ಮರ್ಯಾದೆ ಹೋಯಿತು. "ಹಾಂಗಾರೆ ಇನ್ನ್ ನಿಂಗೂ ನಂಗೂ ಮಾತಿಲ್ಲೆ" ಅಂದೆ. ಅಕ್ಕ ಮಗಳನ್ನು ಕರೆದುಕೊಂಡು ಬ್ರಹ್ಮಾವರಕ್ಕೆ ವಾಪಸು ಹೋದಳು.

ಓದಿದಳು ಮಾರಾಯ್ರೆ, ಎಂಥಾ ಓದು! ದಿಲ್ಲಿಯ ದೊಡ್ಡ ಪರೀಕ್ಷೆ ಪಾಸು ಮಾಡಿ ವಿದೇಶಾಂಗ ಸೇವೆಗೆ ಸೇರಿದಳು. ಆ ದಿನ ನನಗೆ ಫೋನ್ ಮಾಡಿದ್ದಳು. ನಾನು ಎತ್ತಲಿಲ್ಲ. ಆದರೆ ಅಂಗಡಿಯಲ್ಲಿ ಗಿರಾಕಿಗಳ ಎದುರು, "ಮೊನ್ನೆ ಚಂದನಾ ಮಾತಾಡ್ದ್ಳ್, ಅಲ್ಲಿ ಎಂಥಾ ಚಳಿಯಂಬ್ರ್" ಅಂತ ಬಿಡುತ್ತಿದ್ದೆ. ಎಲ್ಲ ಅಕ್ಕನಿಂದ ಕೇಳಿದ್ದು, ಮೇಲೆ ನನ್ನ ಒಗ್ಗರಣೆ. ಅಕ್ಕ ತೀರಿಕೊಂಡಾಗ ಬಂದವಳು ಒಂದು ಚೀಟಿಯಲ್ಲಿ ನಂಬರು ಬರೆದು, "ಮಾವ, ಎಂತಾದ್ರೂ ಇದ್ರೆ ಹೇಳಿ" ಅಂತ ಕೈಗೆ ಕೊಟ್ಟಳು. ಮುಖ ನೋಡದೆ ತೆಗೆದುಕೊಂಡು ಕಿಸೆಗೆ ಹಾಕಿದೆ. ಆಗ ಅವಳಿಗೆ ಗಲ್ಫಿನ ಒಂದು ದೇಶದ ರಾಯಭಾರ ಕಚೇರಿಗೆ ವರ್ಗ ಆಗಿತ್ತು.

ಅದೇ ದೇಶಕ್ಕೆ ನಮ್ಮ ಸುಗುಣನ ಮಗ ನಿತೇಶ್ ದೋಣಿ ಕೆಲಸಕ್ಕೆ ಹೋಗಿದ್ದ. ಸುಗುಣ ನನ್ನ ಅಂಗಡಿ ಎದುರೇ ದಿನಾ ಮೀನು ಬುಟ್ಟಿ ಇಳಿಸಿ ಬಿಜೂರಿನ ಬಸ್ಸಿಗೆ ಕಾಯುವವಳು. ಗಂಡ ಇಲ್ಲ, ಇರುವುದು ಒಬ್ಬ ಮಗ, ಒಬ್ಬಳು ಮಗಳು. ಒಂದು ಬೆಳಿಗ್ಗೆ ಬುಟ್ಟಿ ಇಲ್ಲದೆ ಓಡಿ ಬಂದಳು. ದೋಣಿ ಹೋಗಬಾರದ ಕಡೆ ಹೋಯಿತು ಅಂತ ಅಲ್ಲಿಯವರು ನಿತೇಶನನ್ನು ಹಿಡಿದು ಜೈಲಿಗೆ ಹಾಕಿದ್ದರು. ಹುಡುಗನಿಗೆ ದಮ್ಮಿನ ಕಾಯಿಲೆ, ಮದ್ದು ದೋಣಿಯಲ್ಲೇ ಉಳಿದಿತ್ತು.

"ಭೋಜಣ್ಣ, ಚಂದನಂಗೆ ಒಂದ್ ಮಾತ್ ಹೇಳಿ. ನಿಮ್ ಮಾತ್ ಅವ್ಳ್ ತೆಗ್ದ್ ಹಾಕುದಿಲ್ಲೆ" ಅಂದಳು ಸುಗುಣ.

ಹ್ಞೂಂ ಅಂದೆ. ಬೇರೆ ಎಂತ ಹೇಳುವುದು? ಇಪ್ಪತ್ತೈದು ವರ್ಷದಿಂದ ಮಾತೇ ಇಲ್ಲ ಅಂತ ಹೇಳಲಿಕ್ಕೆ ನಾಲಗೆ ಬರಲಿಲ್ಲ. ಸಂಜೆ ಚೀಟಿ ತೆಗೆದೆ, ಫೋನು ಹಿಡಿದೆ, ಇಟ್ಟೆ. ಸೋತವನ ಹಾಗೆ ನಾನೇ ಮೊದಲು ಮಾತಾಡಬೇಕಾ? ನಾಳೆ ಮಾಡಿದರಾಯಿತು ಅಂದುಕೊಂಡೆ. ಮಾರನೇ ದಿನ ಸುಗುಣ ಕೇಳಿದಾಗ, "ಹೇಳ್ದೆ. ಕಾಂಬ, ನೋಡ್ತೆ ಅಂದ್ಳ್" ಅಂದುಬಿಟ್ಟೆ.

ಸುಗುಣನ ಮಗಳು ದೀಕ್ಷಾ ಚುರುಕು. ಉಡುಪಿಗೆ ಹೋಗಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡುತ್ತೇನೆ ಅಂತ ಅಣ್ಣನ ಪಾಸ್‌ಪೋರ್ಟಿನ ನಕಲು ಹಿಡಿದು ಅಂಗಡಿಗೆ ಬಂದಳು. ನಾನು ಗದರಿಸಿದೆ. "ನಮ್ಮ ಹೆಣ್ಣಿಗೆ ಅರ್ಜಿ ಎಂತಕ್ಕೆ? ಮನಿಯೋರ್ ಕಾಗ್ದ ಬರೀತ್ರಾ? ಅವ್ಳಿಗ್ ಬೇಜಾರಾತ್ತ್, ಸುಮ್ನಿರ್." ಹುಡುಗಿ ನಂಬಿ ಮನೆಗೆ ಹೋದಳು. ನಮ್ಮಲ್ಲಿ ಹಾಗೇ, ಸ್ವಂತದವರಿಗೆ ಬಾಯಿಮಾತು ಸಾಕು.

ನಲವತ್ತೊಂದು ದಿನ. ನಲವತ್ತೊಂದು ದಿನವೂ ಆ ನಂಬರು ನನ್ನ ಕಿಸೆಯಲ್ಲಿತ್ತು. ನಲವತ್ತೆರಡನೇ ದಿನ ನಿತೇಶ್ ಜೈಲಿನಲ್ಲೇ ದಮ್ಮು ಕಟ್ಟಿ ಸತ್ತ ಅಂತ ಸುದ್ದಿ ಬಂತು. ಹೆಣದ ಪೆಟ್ಟಿಗೆ ಊರಿಗೆ ಬರುವಾಗ ಅದರ ಕಾಗದಕ್ಕೆ ಸಹಿ ಹಾಕಿದ್ದು ಚಂದನಾ. ಆ ಸಹಿ ನೋಡಿ ಸುಗುಣ ಅಂಗಳದಲ್ಲೇ ಕೂತು, "ಸತ್ತ್ ಮೇಲೆ ಕಳ್ಸುಕ್ ಆಯ್ತ್ ಅವ್ಳಿಗೆ!" ಅಂತ ಎದೆ ಬಡಿದುಕೊಂಡಳು. ನಾನು ಅಲ್ಲೇ ನಿಂತಿದ್ದೆ.

ಮೂರು ವರ್ಷದ ನಂತರ, ಹೋದ ಜನವರಿಯಲ್ಲಿ, ಕುಂದಾಪುರದಲ್ಲಿ ಚಂದನಾಗೆ ಸನ್ಮಾನ ಇಟ್ಟರು. ಮಾವ ಅಂತ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಶಾಲು ಹೊದೆಸಿ ಮುಗಿಯುವ ಹೊತ್ತಿಗೆ ಸುಗುಣ ಸೀದಾ ವೇದಿಕೆ ಹತ್ತಿದಳು.

"ನನ್ ಮಗ ನಿನ್ ಕಣ್ಣೆದ್ರಿಗೇ ಇದ್ದಿದ್ದ. ನಿನ್ ಮಾವ ಹೇಳೀರಲ್ದಾ? ಎಂತಕ್ಕೆ ಹೋಯಿ ಕಾಣ್ಲಿಲ್ಲೆ ನೀ?"

ಚಂದನಾ ನನ್ನ ಕಡೆ ನೋಡಿದಳು. ಒಂದೇ ನೋಟ, ಅವಳಿಗೆ ಎಲ್ಲ ಗೊತ್ತಾಯಿತು. ಎದ್ದು ನಿಂತು "ಅವ್ಳಿಗ್ ನಾ ಹೇಳ್ಲೇ ಇಲ್ಲೆ" ಅನ್ನಬೇಕಿತ್ತು, ಅಷ್ಟೇ. ನಾನು ಏಳಲಿಲ್ಲ.

"ಹೌದ್ ಸುಗುಣಕ್ಕ, ಮಾವ ಹೇಳಿದ್ರ್" ಅಂದಳು ಚಂದನಾ. "ನಾನೇ ತಡ ಮಾಡ್ದೆ. ತಪ್ಪ್ ನಂದೇ." ಬಗ್ಗಿ ಸುಗುಣನ ಕಾಲು ಮುಟ್ಟಿದಳು. ಸುಗುಣ ಕಾಲು ಹಿಂದೆ ಎಳೆದುಕೊಂಡಳು.

ಆಮೇಲೆ ಕಾರಿನ ಹತ್ತಿರ ಹೋಗಿ ಕೇಳಿದೆ, ಅಷ್ಟು ವರ್ಷದ ನಂತರದ ನನ್ನ ಮೊದಲ ಮಾತು: "ಎಂತಕ್ಕೆ ಹಾಂಗೆ ಹೇಳ್ದೆ?"

"ಮಾವ, ಅವ ಹೋದ ಮೇಲೇ ನಂಗೆ ಗೊತ್ತಾದದ್ದ್. ಜೈಲಿನೋರ್ ಮೊದ್ಲ್ ನಮ್ ಕಚೇರಿಗೆ ತಿಳಿಸ್ಲೇ ಇಲ್ಲೆ. ಕಾಗ್ದದಲ್ಲಿ ಹೆಮ್ಮಾಡಿ ಅಂತ ಕಂಡ್, ನಮ್ಮೂರೋರ್ ಯಾರೂ ನಂಗೊಂದ್ ಮಾತ್ ಹೇಳ್ಲಿಲ್ಲೆ ಅಂತ ಇಡೀ ದಿನ ಕೂತ್ಕಂಡ್ ಮರ್ಗಿದೆ." ಅವಳ ಸ್ವರ ಏರಲೇ ಇಲ್ಲ. "ಸುಗುಣಕ್ಕ ದಿನಾ ನಿಮ್ ಅಂಗ್ಡಿ ಎದ್ರಿಗ್ ಬಪ್ಪೋರ್. ನಾ ನಾಡಿದ್ದ್ ಹೋತೆ. ದೂರ ಇಪ್ಪೋರ ಮೇಲೆ ಸಿಟ್ಟ್ ಮಾಡ್ಕಂಡ್ರೆ ಬದುಕುಕಾತ್ತ್, ದಿನಾ ಕಾಂಬೋರ ಮೇಲೆ ಆತಿಲ್ಲೆ. ಹೇಳುದಾರೆ ನೀವೇ ಹೇಳ್ಕ್."

ಹೇಳಬೇಕಿತ್ತು. ಊರಿಡೀ ಈಗ ಅವಳನ್ನು ಕಲ್ಲು ಮನಸ್ಸಿನವಳು ಅನ್ನುತ್ತದೆ. ನನ್ನ ಅಂಗಡಿಯಲ್ಲೇ ನಿಂತು ಅನ್ನುತ್ತಾರೆ, ನಾನು ಹಗ್ಗ ಅಳೆಯುತ್ತಾ ಇರುತ್ತೇನೆ. ಥೂ ನನ್ನ ಜನ್ಮಕ್ಕೆ.

ಕಳೆದ ವಾರ ಬೈಂದೂರಿನಲ್ಲಿ ದೀಕ್ಷಾಳ ಮದುವೆ. ಕರೆಯಲಿಕ್ಕೆ ಬಂದ ದಿನವೇ ಸುಗುಣ, "ನೀವ್ ಬರ್ಕೇ. ಅವ್ಳಿಗ್ ಮಾತ್ರ ಹೇಳ್ಬೇಡಿ" ಅಂದಿದ್ದಳು. ಹಿಂದಿನ ಸಾಲಿನಲ್ಲಿ ಕೂತು ಊಟ ಮಾಡಿ ಬರುವ ಅಂತ ಹೋದೆ. ಧಾರೆಯ ಹೊತ್ತಿಗೆ ಸುಗುಣ ಎಲ್ಲರ ನಡುವಿನಿಂದ ಬಂದು ನನ್ನ ಕೈ ಹಿಡಿದಳು.

"ಅಪ್ಪ ಇಲ್ಲೆ, ಅಣ್ಣ ಇಲ್ಲೆ. ನಿತೇಶಂಗಾಯಿ ಒಂದ್ ಮಾತ್ ಆಡಿದ್ದ್ ಲೋಕದಲ್ಲಿ ನೀವೊಬ್ರೇ, ಭೋಜಣ್ಣ. ಧಾರೆ ನೀವೇ ಎರೀಕ್."

ದೀಕ್ಷಾ ಮಂಟಪದಿಂದ ನನ್ನನ್ನೇ ನೋಡುತ್ತಿದ್ದಳು. ಸುಗುಣ ನೀರಿನ ಗಿಂಡಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಹೋಗಿ ಧಾರೆ ಎರೆದೆ.