ಎರಡು ಲೋಟ ನೀರು

"ಅದರ ಮೇಲಿಂದ ಕೈ ತೆಗಿ," ಎಂದಳು ನೆಟ್ಟಿ.

ಕಾಫಿ ಯಂತ್ರದ ಪ್ಲಗ್ಗಿಗೆ ಕೈಹಾಕಿದ್ದ ಕ್ರೇಗ್ ನಕ್ಕ. ಹೊಸ ಯಂತ್ರ ಮಾರುವ ಕಂಪನಿಯ ಮೆಕ್ಯಾನಿಕ್ ಅವನು. ಹಳೆಯದನ್ನು ಹೊತ್ತೊಯ್ಯಲು ಬಂದಿದ್ದ. ಗ್ವೆಲ್ಫ್ ಊರಿನ ಆ ಪುಟ್ಟ ಕಾಫಿ ಅಂಗಡಿಯಲ್ಲಿ ನೆಟ್ಟಿ ಹತ್ತೊಂಬತ್ತು ವರ್ಷದಿಂದ ಇದೇ ಯಂತ್ರದಲ್ಲಿ ಕಾಫಿ ಇಳಿಸಿದವಳು. ಹೊಸದು ಗುಂಡಿ ಒತ್ತಿದರೆ ಸಾಕು, ತಾನೇ ಕಾಫಿ ಕೊಡುವಂಥದ್ದು. ಅದು ಬಂದರೆ ನಿನಗೆ ಕೆಲಸವಿಲ್ಲ ಎಂದು ಮಾಲೀಕ ಡಾರಿಯೋ ನಿನ್ನೆ ನೆಲ ನೋಡುತ್ತ ಹೇಳಿದ್ದ.

ಮೂರು ವಾರದಿಂದ ಯಂತ್ರಕ್ಕೆ ಹುಚ್ಚು ಹಿಡಿದಂತಾಗಿತ್ತು. ಬಾಯ್ಲರ್ ತುಂಬಿದರೂ ಪಂಪು ನಿಲ್ಲದು. ಹಾಲು ಕಾಯಿಸುವ ಹಬೆಯ ಕೊಳವೆಯಿಂದ ಬಿಸಿನೀರು ಸುರಿಯುತ್ತಿತ್ತು. ಕ್ರೇಗ್ ಮುಚ್ಚಳವನ್ನೂ ಬಿಚ್ಚದೆ, ಸರ್ಕ್ಯೂಟ್ ಸುಟ್ಟಿದೆ, ಇದಕ್ಕೆ ಎಳ್ಳುನೀರು ಬಿಡಿ ಎಂದುಬಿಟ್ಟಿದ್ದ. ನೆಟ್ಟಿಗೆ ಮೈಯೆಲ್ಲ ಉರಿದುಹೋಗಿತ್ತು. ಪ್ರತಿ ವಾಷರನ್ನೂ ತಾನೇ ಬದಲಿಸಿದ ಯಂತ್ರವನ್ನು ಗುಜರಿಗೆ ಹಾಕಲು ಇವನ್ಯಾರು?

"ನೀನು ಆ ನೀರಿನ ಫಿಲ್ಟರ್ ಹಾಕಿಸಿದ್ದು ಯಾವತ್ತು?" ಎಂದು ಪಕ್ಕದಲ್ಲಿ ನಿಂತಿದ್ದ ಡಾರಿಯೋನನ್ನು ಕೇಳಿದಳು.

ಡಾರಿಯೋ ಕತ್ತು ತುರಿಸಿಕೊಂಡ. ಊರಿನ ನೀರು ಗಡಸು, ಬಾಯ್ಲರಿನಲ್ಲಿ ಸುಣ್ಣ ಕಟ್ಟುತ್ತದೆ ಅಂತ, ಚೂರೂ ಲವಣ ಉಳಿಯದಂತೆ ಸೋಸುವ ಫಿಲ್ಟರನ್ನು ಅವನು ಹಾಕಿಸಿದ್ದು ಮೂರು ವಾರದ ಹಿಂದೆಯೇ. ಒಳ್ಳೆಯದಕ್ಕೇ ಮಾಡಿದ್ದು ಎಂದು ಗೊಣಗಿದ.

ನೆಟ್ಟಿ ಮುಚ್ಚಳ ಬಿಚ್ಚಿ, ನೀರಿನ ಮಟ್ಟ ಅಳೆಯುವ ಸರಳನ್ನು ಹೊರಗೆಳೆದಳು. ಯಂತ್ರದ ಲೋಹದ ಮೈಗೆ ಒಂದು ತಂತಿ ಸಿಕ್ಕಿಸಿ, ಸರಳನ್ನೂ ತಂತಿಯ ತುದಿಯನ್ನೂ ಫಿಲ್ಟರ್ ನೀರಿನ ಲೋಟದಲ್ಲಿ ಅದ್ದಿದಳು. ಪಂಪು ಗುರುಗುಟ್ಟುತ್ತಲೇ ಇತ್ತು. ಆಮೇಲೆ ನಲ್ಲಿನೀರಿನ ಲೋಟದಲ್ಲಿ ಅದ್ದಿದಳು. ಪಂಪು ತಟ್ಟನೆ ನಿಂತಿತು.

"ಸರ್ಕ್ಯೂಟ್ ಸುಟ್ಟಿದ್ರೆ ಈಗ ನಿಲ್ಸಿದ್ದು ಯಾರು, ನಿಮ್ಮಪ್ಪನಾ? ನೀರಲ್ಲಿ ಲವಣ ಇಲ್ದಿದ್ರೆ ಕರೆಂಟು ಹರಿಯಲ್ಲ. ನೀರು ತುಂಬಿದ್ರೂ ಈ ಸರಳಿಗೆ ಗೊತ್ತಾಗಲ್ಲ, ಪಂಪು ನಿಲ್ಲಲ್ಲ."

ಸುಣ್ಣ ಮತ್ತೆ ಕಟ್ಟುತ್ತದೆ ಎಂದು ಕ್ರೇಗ್ ವಾದ ತೆಗೆದ. ಅರ್ಧ ಸೋಸಿದ್ದು, ಅರ್ಧ ನಲ್ಲಿಯದು ಬೆರೆಸುತ್ತೇನೆ, ಕಟ್ಟಿದಷ್ಟನ್ನು ತಿಂಗಳಿಗೊಮ್ಮೆ ನಾನೇ ತೊಳೆಯುತ್ತೇನೆ ಎಂದಳು. ಆಮೇಲೆ ಡಾರಿಯೋನ ಕಡೆ ತಿರುಗಿದಳು.

"ನಾನಿರ್ಬೇಕಾ, ಹೋಗ್ಬೇಕಾ? ಇವನೆದುರಿಗೇ ಹೇಳು. ನೆಲ ನೋಡ್ಬೇಡ."

ಡಾರಿಯೋ ತಲೆಯೆತ್ತಿದ. "ಇರು," ಎಂದ. ಹೊಸ ಯಂತ್ರ ಬೇಡವೆಂದು ಕ್ರೇಗ್‌ಗೆ ಹೇಳಿದ.

ಬಾಯ್ಲರ್ ಖಾಲಿ ಮಾಡಿ, ಬೆರೆಸಿದ ನೀರು ತುಂಬಿ, ಕಾಯಿಸುವ ಹೊತ್ತಿಗೆ ಗಿರಾಕಿಗಳ ಸಾಲು ಬಾಗಿಲು ಮುಟ್ಟಿತ್ತು. ನೆಟ್ಟಿ ಒಂದೊಂದೇ ಕಪ್ ಕಾಫಿ ಇಳಿಸತೊಡಗಿದಳು. ಇನ್ನೂ ಹೋಗದೆ ನಿಂತಿದ್ದ ಕ್ರೇಗ್ ಕೌಂಟರಿನ ಪಕ್ಕದಿಂದ, ತನಗೂ ಒಂದು ಎಂದು ಬೆರಳೆತ್ತಿದ. ಅವಳು ಹಾಲಿನಿಂದ ಕಣ್ಣು ತೆಗೆಯದೆ ಬಾಗಿಲ ಕಡೆ ಗದ್ದ ಆಡಿಸಿದಳು. ಅವನು ಹೋಗಿ ಸಾಲಿನ ಕೊನೆಯಲ್ಲಿ ನಿಂತುಕೊಂಡ.