ಇಸ್ತ್ರಿಯಕ್ಕನ ಸಾಕ್ಷಿ

ರೇಡಿಯೊ ದೂರದರ್ಶಕದ ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಇಸ್ತ್ರಿಯಕ್ಕ ಎಂದೇ. ಆಕಾಶದಿಂದ ಬಂದ ಸಂಕೇತದ ಗೆರೆಯಲ್ಲಿ ಮೊಬೈಲು, ರಾಡಾರು, ಕೆಟ್ಟ ಯಂತ್ರ ಎಬ್ಬಿಸಿದ ಉಬ್ಬುತಗ್ಗುಗಳನ್ನು ಹುಡುಕಿ ನುಣ್ಣಗೆ ಮಾಡುವುದು ಅವಳ ಕೆಲಸ. ಹನ್ನೊಂದು ವರ್ಷದಲ್ಲಿ ಒಂದು ಸುಕ್ಕನ್ನೂ ಬಿಟ್ಟವಳಲ್ಲ, ಮಹಾತಾಯಿ.

ಅವತ್ತು ಬೆಳಗ್ಗೆ ಸಭೆ. ಹೊಸದಾಗಿ ಸೇರಿದ ಸಂಶೋಧಕಿ, ನಕ್ಷತ್ರಗಳ ನಡುವೆ ಒಂದು ಕಡೆ ತಣ್ಣನೆಯ ಹೈಡ್ರೋಜನ್ ಅಡಗಿದೆ ಎಂದಿದ್ದಳು. ಅದು ತಾನಾಗಿ ಹೊಳೆಯುವುದಿಲ್ಲ. ಹಿಂದಿನಿಂದ ಬರುವ ಅಲೆಗಳನ್ನು ನುಂಗಿ ಗೆರೆಯಲ್ಲೊಂದು ಸಣ್ಣ ಗುಂಡಿ ಬಿಡುತ್ತದೆ. ಮುಖ್ಯಸ್ಥ ಆ ಗುಂಡಿಯನ್ನು ಯಂತ್ರದ ದೋಷವೆಂದ. ಅಲ್ಲಿ ಏನೂ ಇಲ್ಲವೆಂದು ನಾಲ್ಕು ವರ್ಷದ ಹಿಂದೆ ಬರೆದೇ ಅವನು ಮುಖ್ಯಸ್ಥನಾಗಿದ್ದು. ಅವಳ ಮಾತು ಸುಳ್ಳಾದರೆ ಅವಳ ಕೆಲಸ ಹೋಗುತ್ತದೆ, ನಿಜವಾದರೆ ಇವನ ಮಾನ. ಇವನೋ ಇಸ್ತ್ರಿಯಕ್ಕನ ಒಡಹುಟ್ಟಿದ ತಮ್ಮ, ತಾಯಿ ಹೋದ ಮೇಲೆ ಅವಳೇ ತುತ್ತಿಟ್ಟು ಬೆಳೆಸಿದವನು.

"ಹಳೇ ದೋಷ ಇದು. ನಮ್ಮಕ್ಕ ಆಗ್ಲೂ ಮುಚ್ಚಿದ್ದಾಳೆ. ಓದಕ್ಕ," ಎಂದ ತಮ್ಮ.

ಹಳೆಯ ದಾಖಲೆಗಳನ್ನು ಅಳಿಸಿಯಾಗಿತ್ತು. ಉಳಿದಿದ್ದು ಅವಳ ಪುಸ್ತಕ ಮಾತ್ರ: ಯಾವ ದಿನ, ಯಾವ ಚಾನೆಲ್ಲಿನ, ಅಂದರೆ ಗೆರೆಯ ಎಷ್ಟನೇ ಮನೆಯ, ಗುಂಡಿ ಮುಚ್ಚಿದ್ದು ಎಂದು.

"ಜನವರಿ ಮೂರು, ನಾನೂರ ಹನ್ನೆರಡು. ಜನವರಿ ಇಪ್ಪತ್ತು, ನಾನೂರ ಹದಿಮೂರು. ಫೆಬ್ರವರಿ ಹತ್ತು, ನಾನೂರ ಹದಿನಾರು..."

ಅವಳ ಬೆರಳು ಆ ಅಂಕಿಗಳ ಮೇಲೆ ನಿಂತಿತು. ಬಿಡಿಬಿಡಿಯಾಗಿ ಬರೆಯುವಾಗ ಕಾಣದ್ದು ಒಟ್ಟಿಗೆ ಓದುವಾಗ ಕಂಡಿತು. ಯಂತ್ರದ ದೋಷ ಕೂತ ಚಾನೆಲ್ ಬಿಟ್ಟು ಕದಲುವುದಿಲ್ಲ. ಇದು ಸರಿಯುತ್ತಿದೆ. ಭೂಮಿ ಸೂರ್ಯನ ಸುತ್ತ ಓಡುವುದರಿಂದ ಹಾಗೆ ಸರಿದು ವರ್ಷಕ್ಕೆ ಮತ್ತೆ ಮೊದಲಿನ ಜಾಗಕ್ಕೆ ಮರಳುವುದು ಆಕಾಶದಲ್ಲಿರುವುದು ಮಾತ್ರ. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಇನ್ನೂ ಯಾರಿಗೂ ಹೊಳೆದಿರಲಿಲ್ಲ. ಸಂಶೋಧಕಿ ತಲೆ ತಗ್ಗಿಸಿ ಕೂತಿದ್ದಳು. ಪುಸ್ತಕ ಮುಚ್ಚಿದರೆ ಅಲ್ಲಿಗೆ ಮುಗಿಯಿತು. ತಮ್ಮ ಮಾತ್ರ ಅಕ್ಕನ ಮುಖ ನೋಡಿದ. ಚಿಕ್ಕಂದಿನಿಂದ ಓದಿದ ಮುಖವಲ್ಲವೇ, ಅವನ ಬಣ್ಣವೇ ಇಳಿದುಹೋಯಿತು.

"ಸಾಕಕ್ಕ. ಎಲ್ರಿಗೂ ಗೊತ್ತಾಯ್ತು."

ಅವನ ಮೇಲೆ ಕರುಳು ಚುರುಕ್ಕೆಂದಿತು. ಆದರೂ ಪುಟ ತಿರುವಿದಳು.

"ಏಪ್ರಿಲ್ ಐದು, ನಾನೂರ ಇಪ್ಪತ್ತೇಳು. ಜುಲೈ ಎರಡು, ನಾನೂರ ನಲವತ್ತು. ಅಕ್ಟೋಬರ್ ಮೂರು, ನಾನೂರ ಇಪ್ಪತ್ತಾರು." ಸಂಶೋಧಕಿ ತಟ್ಟನೆ ತಲೆಯೆತ್ತಿ ಪೆನ್ನಿಗಾಗಿ ತಡಕಾಡಿದಳು. "ಡಿಸೆಂಬರ್ ಮೂವತ್ತು, ಮತ್ತೆ ನಾನೂರ ಹನ್ನೆರಡು."

ಇಸ್ತ್ರಿಯಕ್ಕ ಪುಸ್ತಕವನ್ನು ತಮ್ಮನತ್ತ ತಿರುಗಿಸಿದಳು.

"ಅಲ್ಲಿ ಇತ್ತು ಕಣೋ," ಎಂದಳು ಅಕ್ಕ. "ನಾನೇ ಮುಚ್ಚಿಬಿಟ್ಟು, ಏನೂ ಇಲ್ಲ ಅಂತ ನಿನ್ನ ಕೈಗೆ ಕೊಟ್ಟೆ. ತಪ್ಪು ನಂದು."

ತಮ್ಮ ಕುರ್ಚಿ ತಳ್ಳಿ ಎದ್ದ. ಬಾಗಿಲವರೆಗೂ ಹೋಗಿ ತಿರುಗಿದ.

"ಇನ್ಮೇಲೆ ನಮ್ಮನೆಗೆ ಬರಬೇಡ."

ಬಾಗಿಲು ಮುಚ್ಚಿದ ಮೇಲೂ ಇಸ್ತ್ರಿಯಕ್ಕ ಒಂದು ಗಳಿಗೆ ಅತ್ತಲೇ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು ಸಂಶೋಧಕಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

"ಅದರ ಮುಂದಿನ ವರ್ಷದ್ದೂ ಇದೆ. ಓದ್ತೀನಿ, ಬರ್ಕೊ."